ಅಡುಗೆಮನೆಯ ಬಾಗಿಲವರೆಗೆ

ಹೋದ ವಾರ ಹಾವೇರಿಗೆ ಹೋಗಿದ್ದೆ. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯ ಕಂಪ್ಯೂಟರು ಅರ್ಧ ಬಿಲ್ಲು ಹೊಡೆಯುವಷ್ಟರಲ್ಲಿ ತಾನೇ ಬಂದ್ ಆಗುತ್ತಿತ್ತು, ಅದನ್ನು ತೋರಿಸಬೇಕಿತ್ತು. ರಿಪೇರಿಯವನು ಪಕ್ಕದ ತಗಡು ಬಿಚ್ಚಿ ಬ್ಲೋವರ್ ಹಿಡಿದು ಊದಿದ. ಕೆಂಪು ಧೂಳು ಎದ್ದಿತು. ಬ್ಯಾಡಗಿಯ ಯಾವ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೂ ಒಳಗೆ ಮೆಣಸಿನಕಾಯಿಯ ಪುಡಿಯೇ. ನಿಂತಿದ್ದ ಗಿರಾಕಿಗಳೆಲ್ಲ ಸೀನತೊಡಗಿದರು, ಅವನು ನನ್ನನ್ನು ಕೆಕ್ಕರಿಸಿ ನೋಡಿದ. ಆಮೇಲೆ ಹಚ್ಚಿ ನೋಡಿದಾಗ ಬಿಸಿಯಾದ ಧೂಳು, ಸುಟ್ಟ ಪ್ಲಾಸ್ಟಿಕ್ಕು, ಖಾರದ ಘಾಟು ಎಲ್ಲ ಕೂಡಿದ ಒಂದು ವಾಸನೆ ಬಂತು. "ಬಂದ್ ಮಾಡ್ರಿ, ಲಗೂ ಬಂದ್ ಮಾಡ್ರಿ" ಎಂದ ನನ್ನ ದನಿಗೆ ಹೆದರಿ ಅವನು ಪ್ಲಗ್ಗೇ ಕಿತ್ತ. ಅಲ್ಲಿ ಏನೂ ಆಗಿರಲಿಲ್ಲ... ನನಗೆ ಆ ವಾಸನೆ ಬೇರೆ ಕಡೆಯದು. ಅದು ವೈನಿಯ ಕಾಲದ್ದು.

ವೈನಿ ನಮಗೆ ಸಂಬಂಧಿಕಳಲ್ಲ. ರಾಣೆಬೆನ್ನೂರಿನಲ್ಲಿ ನಾನೂ ಅಪ್ಪನೂ ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯಲ್ಲಿ ಗಂಡ ಹೆಂಡತಿ ಇದ್ದರು. ಗಂಡನಿಗೆ ಬೀಜದ ಕಂಪನಿಯಲ್ಲಿ ಕೆಲಸ, ಸದಾ ಹಳ್ಳಿ ತಿರುಗಾಟ. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಹಾಗಾಗಿ ಆಕೆ ವೈನಿ, ಅತ್ತಿಗೆ. ಎದುರಿಗೆ ರೀ ಹಚ್ಚಿ ಮಾತಾಡುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಯಾವತ್ತೂ ಏಕವಚನವೇ. ಆಕೆ ಮನೆ ಕಟ್ಟಿಸುವವರಿಗೆ ಎಲಿವೇಶನ್ ಮಾಡಿಕೊಡುತ್ತಿದ್ದಳು. ಅಂದರೆ, ಇನ್ನೂ ಪಾಯಾ ತೋಡುವ ಮೊದಲೇ ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ತೆಗೆದು ತೋರಿಸುವುದು. ಬೇಕೆಂದವರಿಗೆ ವಿಡಿಯೋ ಕೂಡ. ಗೇಟು ದಾಟಿ, ಕಟ್ಟೆ ಹತ್ತಿ, ಪಡಸಾಲೆ, ದೇವರಮನೆ ಎಂದು ನಾವೇ ಒಳಗೆ ನಡೆದುಹೋದಂತೆ ಕಾಣುತ್ತಿತ್ತು. ವಾಸ್ತು ಹೇಳುವವನು ಬಂದು ಒಂದು ಬಾಗಿಲು ಸರಿಸಿದನೆಂದರೆ ಆಕೆಗೆ ಮತ್ತೆ ಮೊದಲಿನಿಂದ ಕೆಲಸ. ಆಗ ಆಕೆ ಅವನಿಗೆ ಹಾಕುತ್ತಿದ್ದ ಶಾಪಗಳನ್ನು ಇಲ್ಲಿ ಬರೆಯಲಾರೆ.

ಆ ಚಿತ್ರಗಳಿಗೆ ಬೆಳಕು ಬೀಳಿಸುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ಬಿಸಿಲು ಕಿಟಕಿಯಿಂದ ಬಂದು ನೆಲಕ್ಕೆ ಬಿದ್ದು, ನೆಲದಿಂದ ಗೋಡೆಗೆ ಎಷ್ಟು ಚಿಮ್ಮುತ್ತದೆ ಎಂಬುದನ್ನೆಲ್ಲ ಅದು ಕುಳಿತು ಲೆಕ್ಕ ಹಾಕುತ್ತದೆ. ಅಂಥ ಸಾವಿರಾರು ಚಿತ್ರ ಪೋಣಿಸಿದರೆ ವಿಡಿಯೋ. ವೈನಿಯದು ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಕಾರ್ಡು, ವೇಗ ಸಾಲದು. ಅದಕ್ಕೆ ಆಕೆ ಓವರ್‌ಕ್ಲಾಕ್ ಮಾಡುತ್ತಿದ್ದಳು, ಅಂದರೆ ಕಂಪನಿಯವರು ಇಟ್ಟ ವೇಗಕ್ಕಿಂತ ತುಸು ಹೆಚ್ಚು ಓಡಿಸುವುದು. ಆಟದ ಹುಚ್ಚಿನ ಹುಡುಗರು ಎಲ್ಲವನ್ನೂ ಒಂದೇ ಸಲಕ್ಕೆ ಏರಿಸಿ ಕಾರ್ಡು ಸುಟ್ಟುಕೊಂಡು ಆಕೆಯ ಹತ್ತಿರ ಬರುತ್ತಿದ್ದರು. ಆಕೆಯ ರೀತಿ ಬೇರೆ. ಮೊದಲು ಧೂಳು ತೆಗೆದು, ಬಿಸಿ ಎಳೆಯಲು ಹಚ್ಚಿದ್ದ ಪೇಸ್ಟು ಒಣಗಿದ್ದನ್ನು ಒರೆಸಿ ಹೊಸದು ಹಚ್ಚಿ, ಫ್ಯಾನು ಜೋರು ಮಾಡಿ, ಏನೂ ಏರಿಸದೆ ಒಂದು ತಾಸು ಓಡಿಸಿ ಎಷ್ಟು ಬಿಸಿ ಆಗುತ್ತದೆಂದು ನೋಡುತ್ತಿದ್ದಳು. ಆಮೇಲೆ ಒಂದು ಚಿಟಿಕೆ ವೇಗ ಏರಿಸಿ ಮತ್ತೆ ಅರ್ಧ ತಾಸು ಪರೀಕ್ಷೆ. ಮತ್ತೊಂದು ಚಿಟಿಕೆ. ಪರದೆಯ ಮೇಲೆ ಚುಕ್ಕಿ ಮಿನುಗಿದರೆ, ಚಿತ್ರ ತುಸು ಹರಿದಂತೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಅಲ್ಲಿಂದ ಎರಡು ಹೆಜ್ಜೆ ಹಿಂದೆ ಬಂದು ಬಿಡುತ್ತಿದ್ದಳು.

ಕಾರ್ಡಿನ ವೇಗ ಬೇರೆ, ಅದರ ಮೆಮೊರಿಯ ವೇಗ ಬೇರೆ. ಎರಡನ್ನೂ ಕೂಡಿಸಿ ಆಕೆ ಮುಟ್ಟುತ್ತಿರಲಿಲ್ಲ. "ಎರಡೂ ಒಮ್ಮಿಗೇ ಏರಿಸಿದ್ರ ಯಾವುದು ಮುಗ್ಗರಿಸ್ತು ಅಂತ ಹೆಂಗ ಗೊತ್ತಾಗಬೇಕು? ಒಂದೊಂದು, ಸಾವಕಾಶ" ಎನ್ನುತ್ತಿದ್ದಳು. "ವೋಲ್ಟೇಜಿಗೆ ಮಾತ್ರ ನಾ ಕೈ ಹಚ್ಚಂಗಿಲ್ಲ. ಅದು ತಪ್ಪಿದ್ರ ಹಿಂದ ಬರೂ ದಾರಿ ಇಲ್ಲ." ಇಷ್ಟೆಲ್ಲ ಜೋಪಾನ ಮಾಡಿಯೂ ಸಮಾಧಾನವಿರುತ್ತಿರಲಿಲ್ಲ. ಮಗುವಿನ ಜ್ವರ ನೋಡುವಂತೆ ಅಂಗೈಯ ಹಿಂಭಾಗವನ್ನು ಕಂಪ್ಯೂಟರಿನ ಡಬ್ಬಿಗೆ ತಾಗಿಸುತ್ತಿದ್ದಳು, ಮೂಸುತ್ತಿದ್ದಳು, ಫ್ಯಾನಿನ ಸದ್ದು ಬದಲಾಯಿತೇನೋ ಎಂದು ಒಲೆಯ ಮೇಲಿನ ಹಾಲು ಬಿಟ್ಟು ಓಡಿಬರುತ್ತಿದ್ದಳು. ನಾನಂತೂ ಹುಟ್ಟಾ ಅಂಜುಬುರುಕಿ. ಪಕ್ಕದಲ್ಲಿ ಕುಳಿತು "ವೈನಿ, ಏನರ ಆತಂದ್ರ?" ಎಂದು ಕೇಳುವುದೇ ನನ್ನ ಕೆಲಸ. "ಆಗೂದು ಬ್ಯಾಡ ಅಂತನ ಇಷ್ಟೊತ್ತು ಕುಂತೇನಿ ಹುಚ್ಚಿ. ಸುಮ್ನ ಚಹಾ ಕುಡಿ" ಎನ್ನುತ್ತಿದ್ದಳು. ಹಾಗೆ ಅಂಜುವವರಿಬ್ಬರು ಸೇರಿದರೆ ಒಂದು ತರದ ಧೈರ್ಯ ಬರುತ್ತದೆ, ನಮ್ಮದು ಆ ನಮೂನೆಯ ಗೆಳೆತನ.

ಅಪ್ಪನಿಗೆ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಓದು ಮುಗಿದ ಮೇಲೆ ನಾನೂ ದಿನಾ ಬೆಳಿಗ್ಗೆ ಅಪ್ಪನ ಜೊತೆ ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಹೋಗಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದೆ. ಮೆಣಸಿನಕಾಯಿಯ ವ್ಯಾಪಾರವೆಂದರೆ ಬಣ್ಣದ ವ್ಯಾಪಾರ. ರಾಶಿಯ ಮುಂದೆ ನಿಂತು ಒಮ್ಮೆ ಕಣ್ಣಾಡಿಸಿದರೆ ಅಪ್ಪ ಇದು ಯಾವ ಭೂಮಿಯದು, ಎಷ್ಟನೇ ಕೊಯ್ಲಿನದು ಎಂದು ಹೇಳಿಬಿಡುತ್ತಿದ್ದ. ಸಕ್ಕರೆ ಕಾಯಿಲೆ ಮೊದಲು ಅವನ ಎಡಗಣ್ಣು ತಿಂದಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಒಂದು ದಿನ ಮಾಸಿದ ಕಾಯಿಯ ರಾಶಿಯನ್ನು "ಏನ್ ಬಣ್ಣ ಐತಿ" ಎಂದು ಹೊಗಳಿದಾಗ ಹಮಾಲರು ಮುಖ ಮುಖ ನೋಡಿಕೊಂಡರು. ಮರುದಿನವೇ ಅವನನ್ನು ಹುಬ್ಬಳ್ಳಿಗೆ ಕರೆದೊಯ್ದೆ.

ಹುಬ್ಬಳ್ಳಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಬಲಗಣ್ಣಿನ ಹಿಂದಿನ ಪರದೆಯೂ ಬಿಡುತ್ತಿದೆ, ಆಪರೇಶನ್ ಮಾಡದಿದ್ದರೆ ಹೋಗುವುದು ಖಂಡಿತ, ಮಾಡಿದರೆ ಉಳಿಯಬಹುದು, ಅವತ್ತೇ ಹೋಗಲೂಬಹುದು ಎಂದರು. ಏಪ್ರಿಲ್ಲಿನ ಒಂದು ಸೋಮವಾರ ಬೆಳಿಗ್ಗೆ ಆಪರೇಶನ್ ಎಂದು ನಿಶ್ಚಯವಾಯಿತು. ಆಗ ಮೇಡ್ಲೇರಿ ರಸ್ತೆಯ ಕಡೆ ನಮ್ಮ ಹೊಸ ಮನೆಯ ಪಾಯಾ ಎದ್ದು, ಗೋಡೆಗಳ ಗುರುತಿಗೆ ಒಂದು ಸಾಲು ಇಟ್ಟಂಗಿ ಕೂತಿತ್ತು. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿದ್ದ ಅಪ್ಪನಿಗೆ ಅದೊಂದೇ ಆಸೆ. ಹುಬ್ಬಳ್ಳಿಯಿಂದ ಮನೆಗೆ ಬಂದವನೇ ಮೆಟ್ಟಿಲ ಕೆಳಗೆ ನಿಂತು ವೈನಿಯನ್ನು ಕೂಗಿದ. "ತಂಗೀ, ನಮ್ಮ ಮನೀದು ವಿಡಿಯೋ ಮಾಡಿ ಕೊಡವಾ. ಸೋಮವಾರದ ಒಳಗ. ಒಮ್ಮೆ ಕಣ್ಣಿಂದ ನೋಡಿಬಿಡ್ತೀನಿ, ಆಮ್ಯಾಲ ಏನರ ಆಗ್ಲಿ."

ವೈನಿ ನಕ್ಷೆ ಹಿಡಿದು ಅವತ್ತೇ ಕುಳಿತಳು. ಗೋಡೆ, ಬಾಗಿಲು, ಕಿಟಕಿ ಎಲ್ಲ ಎದ್ದವು, ಆದರೆ ಬೆಳಕು ಬೀಳುವ ಮೊದಲು ಅದು ಬೂದುಬಣ್ಣದ ಗೊಂಬೆಮನೆ. ಅಪ್ಪ ಪರದೆಗೆ ಮೂಗು ತಾಗಿಸಿ ನೋಡಿದ. "ಮಂಜು ಬಿದ್ದಂಗ ಕಾಣತೈತಿ. ಬಾಗಲಾ ಯಾವುದು, ಗ್ವಾಡಿ ಯಾವುದು?" ಎಂದ. ಅವನ ಉಳಿದ ಕಣ್ಣಿಗೆ ಬೂದಿಯಲ್ಲಿ ಬೂದಿ ಗೊತ್ತಾಗುತ್ತಿರಲಿಲ್ಲ. ಬಣ್ಣ ಬೇಕು, ಬಿಸಿಲು ನೆರಳು ಸ್ವಚ್ಛ ಬೇರ್ಪಡಬೇಕು, ಚಿತ್ರ ದೊಡ್ಡದಿರಬೇಕು. ಕೆಲಸ ಹಗುರ ಮಾಡುವ ದಾರಿಯೇ ಇರಲಿಲ್ಲ. ವೈನಿ ಲೆಕ್ಕ ಹಾಕಿದಳು, ಮುಗಿಯುವುದು ಬುಧವಾರಕ್ಕೆ.

ಅಲ್ಲಿಂದ ನನ್ನ ಜೀವನದ ಅತಿ ಕೆಟ್ಟ ದಿನಗಳು. ಮಹಡಿಯ ಕೋಣೆ ಬಿಸಿಲಿಗೆ ಕಾದ ಹೆಂಚಾಗಿತ್ತು. ಕಾರ್ಡು ಬಿಸಿಯೇರಿ, ತನ್ನನ್ನು ತಾನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ವೈನಿ ಪಕ್ಕದ ತಗಡು ತೆಗೆದಳು, ಟೇಬಲ್ ಫ್ಯಾನು ಹಚ್ಚಿದಳು, ಕಿಟಕಿಗೆ ಒದ್ದೆ ಚಾದರ ಕಟ್ಟುತ್ತೇನೆಂದ ನನಗೆ "ಹಸಿ ಗಾಳಿ ಬ್ಯಾಡ" ಎಂದು ಬೈದಳು. ಚಿಟಿಕೆ ಚಿಟಿಕೆ ಏರಿಸಿ ಒಂದು ಮಟ್ಟಕ್ಕೆ ತಂದಳು. ಅದಕ್ಕಿಂತ ಮೇಲೆ ಹೋದರೆ ನಮ್ಮ ಪಡಸಾಲೆಯ ನೆಲದ ಮೇಲೆ ಹಸಿರು ಚುಕ್ಕಿಗಳು ಮಿನುಗುತ್ತಿದ್ದವು. ಎರಡು ಹೆಜ್ಜೆ ಹಿಂದೆ ಬಂದಳು. ಈಗ ಮುಗಿಯುವುದು ಮಂಗಳವಾರಕ್ಕೆ. "ಒಂದು ದಿನ ಕಡಿಮಿ ಬಿತ್ತಲ್ಲ" ಎಂದು ಆಕೆ ಉಗುರು ಕಚ್ಚಿದಳು. ಡಾಕ್ಟರಿಗೆ ದಿನ ಮುಂದೆ ಹಾಕಲು ಕೇಳಿದೆವು, ಒಂದೊಂದು ದಿನವೂ ಕಣ್ಣಿಗೆ ಕೆಡುಕು ಎಂದರು. ನನಗೆ ಅನ್ನ ಸೇರದಾಯಿತು.

ಶನಿವಾರ ಬೆಳಿಗ್ಗೆ ಅಪ್ಪನೇ ಹೇಳಿದ. "ಅದಕ್ಕ ಸೆಕಿ ಆಗತೈತಿ ಅಂದ್ರ ನಮ್ಮ ಕೋಲ್ಡ್ ಸ್ಟೋರೇಜಿಗೆ ಒಯ್ಯೂಣು." ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಂತೆ ಚೀಲಗಟ್ಟಲೆ ತಣ್ಣಗಿಡುವ ಗೋದಾಮುಗಳಿವೆ, ಅಂಥದೊಂದರಲ್ಲಿ ನಮ್ಮ ಮಾಲೂ ಇರುತ್ತಿತ್ತು. ನಾನು ನಕ್ಕುಬಿಟ್ಟೆ. ವೈನಿ ನಗಲಿಲ್ಲ. ಆಕೆಯ ಮುಖದಲ್ಲಿ ಒಂದು ಆಸೆ ಮೂಡಿದ್ದು ನನಗೆ ಕಂಡಿತು. "ಅಷ್ಟು ತಂಪು ಸಿಕ್ಕರ ಇನ್ನೂ ಮ್ಯಾಲ ಹೋಗಬಹುದು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ, "ಕಾಕಾರ, ಇದು ನನ್ನ ಹೊಟ್ಟಿಪಾಡಿನ ಕಾರ್ಡ್ ಐತ್ರಿ" ಎಂದಳು. ಆಕೆ ಮೇಲೆ ಹೋದಳು, ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು. ಕೊನೆಗೆ ಬಂದು, "ಕೌದಿ ತಗೊಂಡ ಬಾ, ಸುತ್ತೂಣು" ಎಂದಳು.

ಗೂಡ್ಸ್ ಆಟೋದಲ್ಲಿ ಹೋದೆವು. ಅಪ್ಪ ಡ್ರೈವರನ ಪಕ್ಕ, ನಾವಿಬ್ಬರು ಹಿಂದೆ, ನಡುವೆ ಕೌದಿಯಲ್ಲಿ ಸುತ್ತಿದ ಕಂಪ್ಯೂಟರು. ರಸ್ತೆಯ ಪ್ರತಿ ತಗ್ಗಿಗೂ ವೈನಿ "ಸಾವಕಾಶ್ರೀ" ಎಂದು ಕೂಗುತ್ತಿದ್ದಳು. ಕದರಮಂಡಲಗಿ ಬಂದಾಗ ಹನುಮಪ್ಪನ ಗುಡಿಯ ಕಡೆ ಅಪ್ಪ ಕೈಮುಗಿದ. ಗುಡಿ ಬಂತೆಂದು ಅವನಿಗೆ ಹೇಳಬೇಕಾಗಿರಲಿಲ್ಲ, ತಿರುವು ಗೊತ್ತಿತ್ತು. ವೈನಿ ಒಂದು ಕೈಯಲ್ಲಿ ಕೌದಿ ಅವುಚಿಕೊಂಡು ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡಳು.

ಗೋದಾಮಿನ ಮ್ಯಾನೇಜರು ಅಪ್ಪನಿಗೆ ಬೇಕಾದವರು. ಮೊದಲು ತಲೆ ಕೆರೆದುಕೊಂಡರು, ಆಮೇಲೆ ತಣ್ಣನೆಯ ಕೋಣೆಯ ಬಾಗಿಲ ಒಳಗೇ ಒಂದು ಮೂಲೆ ಕೊಟ್ಟು, ಹೊರಗಿನಿಂದ ವಯರು ಎಳೆಸಿದರು. ಏಪ್ರಿಲ್ಲಿನ ಬಿಸಿಲಿನಲ್ಲಿ ನಾವಿಬ್ಬರೂ ಸ್ವೆಟರು ಹಾಕಿಕೊಂಡು, ತಲೆಗೆ ಶಾಲು ಸುತ್ತಿ, ಆಳೆತ್ತರದ ಮೆಣಸಿನ ಚೀಲಗಳ ನಡುವೆ ಕುಳಿತೆವು. ಪುಡಿ ಒಳಗೆ ಹೋಗದಂತೆ ಅಪ್ಪನ ಹಳೆಯ ಧೋತರ ಹರಿದು ಡಬ್ಬಿಗೆ ತೆಳುವಾಗಿ ಹೊದಿಸಿದೆವು. ವೈನಿ ಏರಿಸತೊಡಗಿದಳು. ಒಂದು ಚಿಟಿಕೆ, ಪರೀಕ್ಷೆ. ಮತ್ತೊಂದು, ಪರೀಕ್ಷೆ. ಮನೆಯಲ್ಲಿ ಹಸಿರು ಚುಕ್ಕಿ ಬಿದ್ದ ಮಟ್ಟವನ್ನು ಸಲೀಸಾಗಿ ದಾಟಿತು. ಆಕೆ ನನ್ನ ಕಡೆ ತಿರುಗಿ, ಮಾತಾಡಿದರೆ ಕೆಟ್ಟೀತೆಂಬಂತೆ, ಬರೀ ಹುಬ್ಬು ಹಾರಿಸಿದಳು. ಅಂಥ ನಗು ಆಕೆಯ ಮುಖದಲ್ಲಿ ನಾನು ಬೇರೆ ಯಾವಾಗಲೂ ನೋಡಲಿಲ್ಲ. "ಇದು ತಂಪಿನ ವೇಗ. ಹೊರಗ ಒಯ್ದಮ್ಯಾಲ ಇದು ನಿಲ್ಲಂಗಿಲ್ಲ, ಅಲ್ಲಿ ಮತ್ತ ಇಳಸಬೇಕು. ನೆನಪ ಮಾಡು ನನಗ" ಎಂದಳು. ನಾನು ಹತ್ತು ಸಲ ನೆನಪು ಮಾಡಿದೆ, ಬೈಸಿಕೊಂಡೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗೇಟು, ಮುಂಬಾಗಿಲು, ಪಡಸಾಲೆ, ದೇವರಮನೆ ಎಲ್ಲ ಆಗಿ ಅಡುಗೆಮನೆಯ ಬಾಗಿಲ ತನಕ ಬಂದಿತ್ತು. ಅಷ್ಟರಲ್ಲಿ ಮ್ಯಾನೇಜರು ಓಡಿಬಂದರು. ದೂರದ ಪಾರ್ಟಿಯ ಲಾರಿಗಳು ಒಂದು ದಿನ ಮುಂಚೆಯೇ ಬಂದು ನಿಂತಿದ್ದವು, ಚೀಲಗಳನ್ನು ಹೊರಗೆ ತೆಗೆಯಲು ನಮ್ಮ ಮೂಲೆಯೇ ದಾರಿ. "ತಪ್ಪ ತಿಳಕೋಬ್ಯಾಡ್ರಿ, ಖರೇನ ನನ್ನ ಕೈಯಾಗಿಲ್ಲ" ಎಂದರು. ಮುಗಿದಷ್ಟನ್ನು ಸೇವ್ ಮಾಡಿ ವೈನಿ ಬಂದ್ ಮಾಡಿದಳು. ಉಳಿದದ್ದನ್ನು ನಮ್ಮ ಅಂಗಡಿಯಲ್ಲೇ ವೇಗ ಇಳಿಸಿ ಸಂಜೆಯವರೆಗೆ ಎಷ್ಟಾಗುತ್ತದೋ ಅಷ್ಟು ಮಾಡುವುದೆಂದು ಮಾತಾಯಿತು. ವಯರು ಸುತ್ತಿ, ಕೈಗಾಡಿ ಸಿಗುವವರೆಗೆ ಕಂಪ್ಯೂಟರು ಅಲ್ಲೇ ಥಂಡಿಯಲ್ಲಿ ಕೂತಿತ್ತು. ಹೊರಗೆ ಹಿಂದಿನ ದಿನ ನಾಲ್ಕು ಹನಿ ಮಳೆ ಬಿದ್ದು ಗಾಳಿ ಅಂಟಂಟಾಗಿತ್ತು. ಅಂಗಡಿ ಅಲ್ಲೇ ಹತ್ತಿರ. ಅಪ್ಪ ಕುರ್ಚಿ ಎಳೆದುಕೊಂಡು ಮೊದಲೇ ಕುಳಿತಿದ್ದ. "ಲಗೂ ಹಚ್ಚವಾ ತಂಗಿ. ಆದಷ್ಟು ತೋರಸು" ಎಂದ. ವೈನಿ ಪ್ಲಗ್ಗು ಹಾಕಿ ಗುಂಡಿ ಒತ್ತಿದಳು.

ಚಟ್ ಎಂದಿತು. ಒಂದೇ ಸದ್ದು. ಆಮೇಲೆ ಆ ವಾಸನೆ.

ತಗಡು ತೆಗೆದರೆ ಒಳಗೆಲ್ಲ ನೀರಿನ ಹನಿ. ಕಾರ್ಡಿನ ಮೇಲೆ, ಫ್ಯಾನಿನ ಮೇಲೆ, ವಯರುಗಳ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಹನಿಗಳು. ಅಪ್ಪ ಕೈ ಚಾಚಿ ಬೆರಳಿನಿಂದ ತಡವಿ, ಬೆರಳನ್ನು ಬೆರಳಿಗೆ ಉಜ್ಜಿದ. "ಬೆವತೈತಿ" ಎಂದ. ಕೋಲ್ಡ್ ಸ್ಟೋರೇಜಿನ ಚೀಲವನ್ನು ಒಮ್ಮೆಲೇ ಸೆಕೆಗೆ ತರಬಾರದು, ತಂದರೆ ಬೆವರಿ ಬೂಷ್ಟು ಹಿಡಿಯುತ್ತದೆ, ನಡುವಿನ ಕೋಣೆಯಲ್ಲಿ ಇಟ್ಟು ಬೆಚ್ಚಗಾದ ಮೇಲೆ ಬಿಚ್ಚಬೇಕು. ಬ್ಯಾಡಗಿಯ ಯಾವ ಹಮಾಲನನ್ನು ಕೇಳಿದರೂ ಹೇಳುತ್ತಾನೆ. ಅಪ್ಪನೇ ಎಷ್ಟು ಜನರಿಗೆ ಅದನ್ನು ಹೇಳಿ ಬೈದಿದ್ದನೋ. ನನಗೆ ಗೊತ್ತಿತ್ತು, ಮ್ಯಾನೇಜರಿಗೆ ಗೊತ್ತಿತ್ತು. ವಾಸನೆ, ಬಿಸಿ, ವೇಗ, ವೋಲ್ಟೇಜು ಎಂದು ಎಲ್ಲದಕ್ಕೂ ಅಂಜಿದ್ದ ನಾವು ಇದೊಂದಕ್ಕೆ ಅಂಜಲಿಲ್ಲ. ಮೆಣಸಿನಕಾಯಿಯ ಮಾತು ಕಂಪ್ಯೂಟರಿಗೂ ಹೊಂದುತ್ತದೆಂದು ಯಾರ ತಲೆಗೂ ಹೊಳೆಯಲಿಲ್ಲ. ವೈನಿ ನೆಲಕ್ಕೆ ಕುಸಿದು, ಶಾಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ಕಾರ್ಡ್ ಹೋಗ್ಲಿ ಕಾಕಾರ, ಅದು ಹೋಗ್ಲಿ... ನಿಮ್ಮ ಮನಿ" ಎನ್ನುತ್ತಿದ್ದಳು. ಅಪ್ಪ ಆಕೆಯ ತಲೆಯ ಮೇಲೆ ಕೈಯಿಟ್ಟು, "ಏಳವಾ. ಚೀಲ ಬೆವತ್ರ ಮಾಲ ಎಲ್ಲಾ ಕೆಡಂಗಿಲ್ಲ. ಉಳದದ್ದು ಎಷ್ಟೈತಿ ನೋಡು" ಎಂದ.

ಹಾರ್ಡ್ ಡಿಸ್ಕು ಉಳಿದಿತ್ತು. ಅದನ್ನು ಒರೆಸಿ, ಈ ಸಲ ಬಿಸಿಲಲ್ಲಿ ಬಟ್ಟೆಯ ಮೇಲೆ ಬಹಳ ಹೊತ್ತು ಇಟ್ಟು, ನಮ್ಮ ಬಿಲ್ಲಿನ ಕಂಪ್ಯೂಟರಿಗೆ ಜೋಡಿಸಿದಳು. ಚಿತ್ರಗಳು ಇದ್ದವು. ಅಪ್ಪ ಪರದೆಗೆ ಒಂದು ಗೇಣು ಹತ್ತಿರ ಕುಳಿತ. ಗೇಟು ತೆರೆಯಿತು. ಬೆಳಗಿನ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಮುಂಬಾಗಿಲಿಗೆ ಒಳ್ಳೆಯ ಮೆಣಸಿನಕಾಯಿಯ ಬಣ್ಣ ಬೇಕೆಂದು ಅಪ್ಪ ಹಟ ಹಿಡಿದಿದ್ದ, ವೈನಿ ಒಂದು ಕಾಯಿಯನ್ನು ಮುಂದಿಟ್ಟುಕೊಂಡು ಆ ಬಣ್ಣ ಕೂಡಿಸಿದ್ದಳು. ಅಪ್ಪ ಅಲ್ಲಿ ನಿಲ್ಲಿಸು ಎಂದ. ಬಹಳ ಹೊತ್ತು ನೋಡಿದ. "ಎರಡನೇ ಕೊಯ್ಲಿಂದು ಐತಿ ಇದು. ಮೊದಲನೇದು ಬೇಕಂದಿದ್ದೆ ನಾ" ಎಂದ. ಅವನಿಗೆ ಖರೇನೇ ಕಾಣುತ್ತಿದೆ ಎಂದು ನಮಗೆ ಗೊತ್ತಾದದ್ದು ಆಗ. ವೈನಿ ಅಳುತ್ತಲೇ ನಕ್ಕಳು. ಪಡಸಾಲೆ ದಾಟಿತು, ದೇವರಮನೆಯ ದೀಪ ದಾಟಿತು, ಅಡುಗೆಮನೆಯ ಬಾಗಿಲು ಹತ್ತಿರ ಹತ್ತಿರ ಬಂದು ನಿಂತಿತು. ಅಪ್ಪ ಮತ್ತೆ ಮತ್ತೆ ಹಾಕಿಸಿ ನೋಡಿದ. ಆಮೇಲೆ "ಅದರಾಚೆ?" ಎಂದು ಕೇಳಿದ.

ಅದರಾಚೆ ಬೂದಿ. ಅಡುಗೆಮನೆ, ಹಿಂದಿನ ಕೋಣೆ, ಹಿತ್ತಲ ಬಾಗಿಲಿಗೆ ವೈನಿ ಇನ್ನೂ ಬಣ್ಣವನ್ನೇ ತುಂಬಿರಲಿಲ್ಲ. ಆಕೆ ಪರದೆ ಬಂದ್ ಮಾಡಿ, "ನಡೀರಿ ಕಾಕಾರ, ಪ್ಲಾಟಿಗೆ ಹೋಗೂಣು" ಎಂದಳು.

ರಾಣೆಬೆನ್ನೂರಿಗೆ ಮರಳಿದಾಗ ಸಂಜೆ ಬಿಸಿಲು ಇನ್ನೂ ಇತ್ತು. ಪಾಯಾದ ಮೇಲೆ ಹತ್ತಿಸಿ, ವೈನಿ ತನ್ನ ಅಳತೆಯ ಟೇಪಿನ ಒಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟಳು, ಇನ್ನೊಂದು ತುದಿ ತಾನು ಹಿಡಿದಳು. ಪರಪುರುಷನ ಕೈ ಹಿಡಿದು ನಡೆಸಲು ಸಂಕೋಚ, ಬಿಟ್ಟರೆ ಬಿದ್ದಾನೆಂಬ ಅಂಜಿಕೆ. ಅಡುಗೆಮನೆಯ ಬಾಗಿಲು ಬರಬೇಕಾದ ಜಾಗದಿಂದ ಹೊರಟರು. "ನಿಂದ್ರಿ. ನಿಮ್ಮ ಎಡಕ್ಕ ಒಲಿಕಟ್ಟಿ. ಬಲಗೈ ಚಾಚಿದ್ರ ನೀರಿನ ಕೊಡ. ಮುಂದ ಬರ್ರಿ, ಇಲ್ಲಿ ಹೊಸ್ತಿಲಾ, ಕಾಲ ಎತ್ತರಿ..." ಇಷ್ಟು ಕೇಳಿಸಿತು. ನಾನು ಕೆಳಗೆ ಮರಳ ರಾಶಿಯ ಮೇಲೆ ಕುಳಿತಿದ್ದೆ. ಅವರು ಹಿಂದಕ್ಕೆ ಹೋದಂತೆ ದನಿ ಕೇಳಿಸದಾಯಿತು, ಅಪ್ಪ ಏನೋ ಕೇಳಿದ್ದು, ವೈನಿ ತಲೆಯಾಡಿಸಿದ್ದು ಮಾತ್ರ ಕಂಡಿತು. ಮರುದಿನ ಏನಾಗುವುದೋ ಎಂಬ ಭಯಕ್ಕೆ ನನಗೆ ಅವರ ಕಡೆ ಸರಿಯಾಗಿ ನೋಡಲೂ ಆಗಲಿಲ್ಲ. ಅವರು ಹಾಗೆ ಹೋಗಿ ಬಂದು, ಮತ್ತೆ ಹೋಗಿ ಬಂದರು.

ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅಪ್ಪ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ದೀಪ ಹಚ್ಚೀರೇನು?" ಎಂದು ಕೇಳಿದ. ಹಚ್ಚಿಯೇ ಇತ್ತು. ಡಾಕ್ಟರು ಮೊದಲೇ ಹೇಳಿದ್ದರು, ಯಾರನ್ನೂ ಅನ್ನುವಂತಿರಲಿಲ್ಲ. ಕಾಲ ಕಳೆದಂತೆ ಸ್ವಲ್ಪ ಬಂದರೂ ಬರಬಹುದು ಎಂದು ಅವರು ಅಂದದ್ದನ್ನೇ ವೈನಿ ಗಟ್ಟಿಯಾಗಿ ಹಿಡಿದಳು. ಅಪ್ಪ ಹಟ ಮಾಡಿ ಆಕೆಗೆ ಹೊಸ ಕಾರ್ಡು ಕೊಡಿಸಿದ. ಅದರಲ್ಲಿ ಊರವರ ಮನೆಗಳನ್ನೆಲ್ಲ ಮಾಡಿದಳು, ನಮ್ಮದನ್ನು ತೆರೆಯಲಿಲ್ಲ. "ಕಾಕಾಗ ಕಣ್ಣು ಬರ್ಲಿ, ಅವತ್ತ ಉಳಿದದ್ದು ಮುಗಿಸ್ತೀನಿ" ಎಂದು ಹರಕೆ ಹೊತ್ತವರಂತೆ ಕುಳಿತಳು. ಮುಂದಿನ ವರ್ಷ ಆಕೆಯ ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ದಿನ ಸಾಮಾನಿನ ಲಾರಿಯಲ್ಲಿ ಕಂಪ್ಯೂಟರು ಇಡಗೊಡದೆ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದಳು. ಫೋನಿನಲ್ಲಿ ಮಾತಾಡುತ್ತಿದ್ದೆವು, ಆಮೇಲಾಮೇಲೆ ಕಡಿಮೆಯಾಯಿತು... ಆಕೆಯ ಬೇನೆ ನಮಗೆ ಗೊತ್ತಾದದ್ದೇ ತಡವಾಗಿ. ಗೊತ್ತಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಆಕೆ ಹೋದ ಸುದ್ದಿಯನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವನು "ಆಕೀನ್ನ ಒಮ್ಮೆ ಕರಸವಾ, ಮನಿ ನೋಡಿ ಹೋಗ್ಲಿ" ಎನ್ನುತ್ತಿದ್ದ. ಮನೆ ಕಟ್ಟಿ ನಾವು ಬಂದು ಇಷ್ಟು ದಿನವಾದರೂ ಆಕೆ ಇದನ್ನು ನೋಡಲಿಲ್ಲ. ನೋಡಬೇಕೆಂದಿದ್ದ ಅಪ್ಪನೂ ನೋಡಲಿಲ್ಲ. ಹಾವೇರಿಯಿಂದ ಮರಳಿದ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ನಾನು ಬ್ಯಾಗು ಕೆಳಗಿಡುವ ಮೊದಲೇ ಹೇಳಿಬಿಟ್ಟೆ.

ಅವನು ಅಳಲಿಲ್ಲ. ಎದ್ದು ಪಡಸಾಲೆ ದಾಟಿ, ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಲ್ಲಿಂದ ಹಿಂದಿನ ಕೋಣೆಯವರೆಗೆ, ಹಿತ್ತಲ ಬಾಗಿಲವರೆಗೆ ಗೋಡೆ ಮುಟ್ಟದೆ ನಡೆದ. ಮೊದಲಿನಿಂದಲೂ ಅವನು ಹಾಗೆಯೇ ನಡೆಯುತ್ತಾನೆ, ಅದು ಹೊಸದಲ್ಲ. ನಾನು ಬಿದ್ದಾನೆಂದು ಹಿಂದೆ ಹಿಂದೆ ಹೋದೆ. ಹಿತ್ತಲ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತು ಕೇಳಿದ.

"ಈ ಖೋಲಿಗೆ ಏನ್ ಬಣ್ಣ ಹಚ್ಚಿಸೀದಿ?"

"ಬಿಳೀದಪ್ಪಾ."

"ಅಡಿಗಿಮನಿಗೆ?"

"ಅದಕ್ಕೂ ಬಿಳೀದ."

ಇಷ್ಟು ದಿನದಲ್ಲಿ ಅವನು ಬಣ್ಣ ಕೇಳಿದ್ದು ಅದೇ ಮೊದಲು. ಪೇಂಟಿನವನು ಯಾವುದು ಹಚ್ಚಲಿ ಎಂದಾಗ ಬಿಳಿ ಹಚ್ಚು ಎಂದಿದ್ದೆ, ಅಷ್ಟೇ.

"ಆಕಿ ಬ್ಯಾರೆ ಮಾಡಾಕಿದ್ಲು" ಎಂದ ಅಪ್ಪ. "ಅವತ್ತ ಟೇಪ್ ಹಿಡಿದು ನಡಸೂ ಮುಂದ ನಾ ಕೇಳಿದೆ, ಹಿಂದಿನ ಖೋಲಿಗೆ ಏನ್ ಬಣ್ಣ ವಿಚಾರ ಮಾಡೀಯವಾ ಅಂತ. ಎಲ್ಲಾ ಹೇಳಿದ್ಲು, ಒಲಿಕಟ್ಟಿ, ಕಿಡಕಿ, ಗೂಟ ಸೈತ ಹೇಳಿದ್ಲು. ಬಣ್ಣ ಕೇಳಿದ್ರ ತಲಿ ಅಲ್ಲಾಡಿಸಿದ್ಲು. ಅದನ್ನ ನಾ ಹೇಳಂಗಿಲ್ಲ ಕಾಕಾರ, ಅದನ್ನ ನೀವ ನೋಡ್ತೀರಿ ಅಂದ್ಲು."

ಅಪ್ಪ ಚಿಲಕ ತೆಗೆದು ಹಿತ್ತಲಿಗೆ ಇಳಿದ. ನಾನು ಆ ಬಿಳಿ ಗೋಡೆಗಳ ನಡುವೆ ನಿಂತು ಗಟ್ಟಿಯಾಗಿ ಅತ್ತೆ. ಅಡುಗೆಮನೆಯ ಬಾಗಿಲಾಚೆ ನಮ್ಮ ಮನೆ ಯಾವ ಬಣ್ಣದ್ದೆಂದು ಹೇಳುವವರು ಈಗ ಯಾರೂ ಇಲ್ಲ.